ಈ ಸಲ ಅವನೇ ಕಾರು ಓಡಿಸಿದ

"ಕಾರಿನ ಕೀ ಇಲ್ಲಿ ಕೊಡು," ಎಂದು ಗಂಡ ಕೈ ಚಾಚಿದಾಗ ಅವಳಿಗಿದ್ದ ಅಷ್ಟಿಷ್ಟು ಅನುಮಾನವೂ ಹೋಯಿತು.

ಹನ್ನೊಂದು ವರ್ಷಗಳಿಂದ ಬೇಸಿಗೆ ರಜೆಗೆ ಅದೇ ದಾರಿ. ಮೂರು ಕೆರೆ, ಮೂರು ನೆಂಟರ ಮನೆ, ಆರು ದಿನ. ಅವಳು ಶಾಲೆಯ ಬಸ್ಸು ಓಡಿಸುವವಳು. ಅವನು ಕೈಗಡಿಯಾರ ರಿಪೇರಿ ಮಾಡುವವನು. ಸ್ಟೇರಿಂಗು ಅವಳ ಪಾಲಿಗೆ, ಗೊರಕೆ ಅವನ ಪಾಲಿಗೆ.

"ನಿಮಗೇನು ಹುಚ್ಚಾ? ರಿವರ್ಸ್ ತಗೊಳ್ಳೋಕೇ ಬರಲ್ಲ ನಿಮಗೆ."

"ಮುಂದಕ್ಕೆ ಹೋದ್ರೆ ಸಾಕಲ್ಲ. ಇದೊಂದು ಸಲ ಕಣೇ. ನನ್ನಾಸೆ."

ಅವಳು ಕೊಟ್ಟುಬಿಟ್ಟಳು. ಸಾಯುವವನ ಆಸೆಗೆ ಇಲ್ಲವೆನ್ನುವುದು ಹೇಗೆ?

ಹದಿನೈದು ದಿನಗಳ ಹಿಂದೆ ಅವಳ ತಲೆನೋವು ತೋರಿಸಲು ಇಬ್ಬರೂ ಆಸ್ಪತ್ರೆಗೆ ಹೋಗಿದ್ದರು. ಹೇಗೂ ಬಂದಾಗಿದೆ ಎಂದು ಅವನೂ ಪರೀಕ್ಷೆ ಮಾಡಿಸಿಕೊಂಡಿದ್ದ. ವರದಿ ಬಂದ ದಿನ ಡಾಕ್ಟರು ಅವನೊಬ್ಬನನ್ನೇ ಒಳಗೆ ಕರೆದರು. ಹೊರಗೆ ಬಂದವನ ಮುಖ ಸುಣ್ಣದಂತಾಗಿತ್ತು.

"ಇಬ್ಬರದ್ದೂ ಸರಿಯಿದೆ. ನಿನಗೆ ಕನ್ನಡಕ ಬದಲಿಸ್ಬೇಕಂತೆ, ಅಷ್ಟೇ."

ಸುಳ್ಳು ಹೇಳಿ ಅಭ್ಯಾಸವಿಲ್ಲದ ಬಾಯಿ. ಆ ಸಂಜೆ ಅವನು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತದ್ದು ಅವಳಿಗೆ ಕೇಳಿಸಿತ್ತು. ಕೇಳದವಳಂತೆ ಬಟ್ಟೆ ಮಡಚುತ್ತ ಕೂತಿದ್ದಳು. ಅವನಾಗಿ ಹೇಳುವವರೆಗೆ ತಾನೂ ಬಾಯಿ ಬಿಡಬಾರದು ಎಂದು ಅಂದೇ ಗಟ್ಟಿ ಮಾಡಿಕೊಂಡಳು.

ಮಗಳನ್ನೂ ಕೂರಿಸಿಕೊಂಡು ಹೊರಟ ಕಾರು ಬಸವನಹುಳುವಿನಂತೆ ತೆವಳಿತು. ಹಿಂದಿನ ಗಾಡಿಯವರೆಲ್ಲ ಹಾರ್ನು ಹೊಡೆದು ಬೈದು ಮುಂದೆ ಹೋದರು.

ಮೊದಲ ಕೆರೆಯಲ್ಲಿ ಅವಳು ಪ್ರತಿ ವರ್ಷ ಆಚೆ ದಡ ಮುಟ್ಟಿ ಬರುತ್ತಿದ್ದಳು. ಈ ಸಲ ಅವನು ಅವಳ ಮಣಿಕಟ್ಟು ಹಿಡಿದುಕೊಂಡ. "ನೀರಿಗಿಳೀಬೇಡ. ನನ್ನ ಪಕ್ಕ ಕೂತ್ಕೋ." ಅವನ ಕೈ ತಣ್ಣಗಿತ್ತು. ಹೀಗೆ ಕೂರುವುದು ಇನ್ನೆಷ್ಟು ದಿನವೋ ಎಂದುಕೊಂಡು ಕೂತಳು.

ಅವನ ಚಿಕ್ಕಪ್ಪನ ಮನೆಯಲ್ಲಿ ಬಾಗಿಲು ಹಾಕಿಕೊಂಡು ಪಿಸುಮಾತು ನಡೆಯಿತು. ಚಿಕ್ಕಪ್ಪ ಮೂಗು ಒರೆಸಿಕೊಳ್ಳುತ್ತ ಹೊರಬಂದರು. ಚಿಕ್ಕಮ್ಮ ತಮ್ಮ ಮಂಚವನ್ನೇ ಅವಳಿಗೆ ಬಿಟ್ಟುಕೊಟ್ಟು ತಲೆ ಸವರಿದರು. ವಿಧವೆಯಾಗುವವಳಿಗೆ ಮುಂಚಿತವಾಗಿಯೇ ಕನಿಕರ! ಅವಳು ಹಲ್ಲು ಕಚ್ಚಿಕೊಂಡಳು. ಎರಡನೆಯದು ಅವಳ ತಂಗಿಯ ಮನೆ. ಪ್ರತಿ ವರ್ಷ ಒಂದಲ್ಲ ಒಂದಕ್ಕೆ ಕಾಲು ಕೆರೆದು ಜಗಳಕ್ಕೆ ಬರುತ್ತಿದ್ದ ತಂಗಿ ಈ ಸಲ ಎಲ್ಲದಕ್ಕೂ ಹೂಂ ಅಂದಳು.

ಅಲ್ಲಿಯೇ ಬೆಳಿಗ್ಗೆ ಅವನು ಎಂಟು ವರ್ಷದ ಮಗಳನ್ನು ಕೂರಿಸಿಕೊಂಡು ಜಡೆ ಹೆಣೆಯಲು ಕಲಿತ.

"ಅಪ್ಪಾ, ಎಳೀಬೇಡ! ಇದು ಜಡೆ, ಹಗ್ಗ ಅಲ್ಲ."

"ಗಡಿಯಾರದ ಸ್ಪ್ರಿಂಗೇ ವಾಸಿ ಕಣಮ್ಮಾ."

ಮಗಳನ್ನು ಮುಟ್ಟಿಕೊಂಡಿರಲು ಪಾಪ ಅವನಿಗೊಂದು ನೆಪ. ಅವಳು ಅತ್ತ ಮುಖ ತಿರುಗಿಸಿದಳು.

ಕೊನೆಯದು ಅವನ ಅಕ್ಕನ ಮನೆ. ಅವನು ಮಗಳೊಂದಿಗೆ ಕೆರೆಯ ಕಡೆ ಹೋಗಿದ್ದ. ಅಡುಗೆಮನೆಯಲ್ಲಿ ಆ ಅಕ್ಕ, ಅವಳು ಇಬ್ಬರೇ ಉಳಿದಾಗ ಅವಳಿಗೆ ತಡೆಯಲಾಗಲಿಲ್ಲ.

"ಅತ್ತಿಗೆ, ನನಗೆಲ್ಲ ಗೊತ್ತಾಗಿದೆ. ಅವರಿಗೆ ಮಾತ್ರ ಹೇಳ್ಬೇಡಿ. ಎಷ್ಟು ದಿನ ಅಂದಿದ್ದಾರೆ?"

ಅತ್ತಿಗೆ ಒಲೆ ಆರಿಸಿದರು. "ಹೆಚ್ಚಂದ್ರೆ ನಾಲ್ಕು ತಿಂಗಳು ಅಂದ್ರಂತೆ. ಗೊತ್ತಿದ್ದೂ ಹೀಗೆ ನಗ್ತಾ ಓಡಾಡ್ತಿದ್ದೀಯಲ್ಲೇ, ಎಂಥ ಗಟ್ಟಿಗಿತ್ತಿ ನೀನು!"

"ನಾನು ಅತ್ರೆ ಅವರು ಕುಸಿದುಹೋಗ್ತಾರೆ, ಅತ್ತಿಗೆ. ನನಗೀಗ ಮಗಳದ್ದೊಂದೇ ಚಿಂತೆ."

ಅತ್ತಿಗೆ ಅವಳನ್ನು ಎದೆಗೆ ಅವಚಿಕೊಂಡರು.

"ಆ ಚಿಂತೆ ಬಿಡು ತಾಯಿ. ಮಗಳಿಗೆ ಮಲತಾಯಿ ತರಲ್ಲ ಅಂತ ತಮ್ಮ ನನ್ನ ಕೈ ಹಿಡಿದು ಮಾತು ಕೊಟ್ಟಿದ್ದಾನೆ."