ಚಕ್ರದ ಕಲ್ಲು

"ತಳ್ಳುಗಾಡಿ ಅಂದ್ಮೇಲೆ ತಳ್ಳಿದ್ರೆ ಹೋಗ್ಬೇಕು ಕಣಮ್ಮ. ಚಕ್ರಕ್ಕೆ ಕಲ್ಲು ಇಟ್ಟು ನಿಲ್ಸಿದ್ರೆ ಅದು ಅಂಗಡಿ. ನಿನ್ನ ಲೈಸೆನ್ಸು ಅಂಗಡಿಗಲ್ಲ," ಎಂದ ಪುರಸಭೆಯ ಇನ್ಸ್‌ಪೆಕ್ಟರ್ ಲೋಕಪ್ಪ, ತನ್ನ ಆಳಿಗೆ ಕಣ್ಸನ್ನೆ ಮಾಡಿದ. ಆಳು ಬೋಂಡಾ ಗಾಡಿಯ ಚಕ್ರದಡಿಗೆ ಹಾರೆ ತೂರಿಸಿದ.

"ಇದು ವನಗೂರು ಏರು ಸಾರ್. ಕಲ್ಲಿಲ್ದೆ ಗಾಡಿ ನಿಲ್ಲಲ್ಲ, ಒಲೆ ಮೇಲೆ ಎಣ್ಣೆ ಕಾಯ್ತಾ ಐತೆ," ಎಂದು ಗಂಗಾಮಣಿ ಹಾರೆಗೆ ಕೈ ಹಾಕಿದಳು. ಆಳು ಕಿತ್ತುಕೊಂಡ ರಭಸಕ್ಕೆ ಹಾರೆ ಅವಳ ದವಡೆಗೆ ಬಡಿದು ಬಾಯಿ ತುಂಬ ರಕ್ತವಾಯಿತು. ಅವನು ಕಲ್ಲನ್ನು ಮೀಟಿ ತೆಗೆದು, ಜಪ್ತಿ ಸಾಮಾನಿದ್ದ ಜೀಪಿಗೆ ಎಸೆದ.

ಗಾಡಿ ಇಳಿಜಾರಿಗೆ ಹೊರಟಿತು. ಕೆಳಗೆ ನಿಂತು ಫೋಟೊ ತೆಗೆಯುತ್ತಿದ್ದ ಲೋಕಪ್ಪ ಹಿಂದಕ್ಕೆ ಹಾರಿದವನು, ಚರಂಡಿಯ ಚಪ್ಪಡಿ ಸಂದಿಗೆ ಕಾಲು ಸಿಕ್ಕಿಕೊಂಡು ಅಂಗಾತ ಬಿದ್ದ. ಗಂಗಾಮಣಿ ಯೋಚಿಸಲಿಲ್ಲ. ಹಿಡಿಕೆಗೆ ಜೋತುಬಿದ್ದು ಚಕ್ರದ ಮುಂದೆ ತನ್ನ ಪಾದ ಕೊಟ್ಟಳು. ಮೂಳೆ ಲಟ್ಟೆಂದಿತು, ಗಾಡಿ ನಿಂತಿತು. ಬಾಣಲೆ ಅವನ ಮುಖದ ಮೇಲಕ್ಕೆ ವಾಲಿಕೊಂಡಿತ್ತು. ತುಳುಕಿದ ಎಣ್ಣೆ ಬಿದ್ದಲ್ಲೆಲ್ಲ ಅವನ ಅಂಗಿ ಚರ್ಮಕ್ಕೆ ಅಂಟಿಕೊಂಡಿತು.

"ಕಲ್ಲು ಇಡ್ರೋ, ಬೇಗ ಕಲ್ಲು ಇಡ್ರೋ," ಎಂದು ಲೋಕಪ್ಪ ಅರಚಿದ. ಆಳು ಜೀಪಿನತ್ತ ಓಡಿದ.

ಗಂಗಾಮಣಿ ರಕ್ತದ ಜೊತೆ ಒಂದು ಹಲ್ಲನ್ನೂ ಉಗಿದಳು. ಕೆಳಗೆ ಬಿದ್ದವನ ಮುಖವನ್ನು ನೋಡಿದಳು.

"ಕಲ್ಲು ಇಟ್ರೆ ಅಂಗಡಿ ಆಗ್ಬುಡ್ತದಲ್ಲ ಸಾರ್," ಎಂದು ಚಕ್ರದಡಿಯಿಂದ ಕಾಲು ಎಳೆದುಕೊಂಡಳು.