ಕಾಡಿನ ಪೂಜಾರಿಗೊಂದು ವಿಷ

“ಅತ್ತಿ, ಗುರುತು ಉಳೀಬಾರದು. ಅಂಥಾ ವಿಷದ ಗಿಡ ಯಾವುದರಿ?”

ಕಾಶವ್ವನ ಕೈಯೊಳಗಿನ ಲಟ್ಟಣಿಗೆ ಅರ್ಧ ಚಪಾತಿಯ ಮೇಲೆಯೇ ನಿಂತಿತು. ಕೇಳಿದವನು ಗಂಡನ ಅಕ್ಕನ ಮಗ ಶಿವರಾಜ. ಕಾಲೇಜಿಗೆಂದು ಬಂದು ಕೋಥರೂಡದ ಅವರ ಮನೆಯಲ್ಲಿಯೇ ಇದ್ದವನು. ಒಳಕೋಣೆಯಲ್ಲಿ ಗಂಡ ಅಪ್ಪಾಸಾಹೇಬ ನರಳಿದ್ದು ಕೇಳಿಸಿತು.

“ಯಾರಿಗೆ?” ಎಂದಳು.

ಶಿವರಾಜ ನಕ್ಕ. ಪಡಸಾಲೆಯ ನೆಲದ ಮೇಲೆ ಝೆರಾಕ್ಸ್ ಪುಸ್ತಕ, ಹಲವು ಮುಖಗಳ ದಾಳಗಳು. ಎದುರಿಗೆ ಅವನ ಗೆಳತಿ ಸುಲಭಾ, ಆಯುರ್ವೇದ ಕಲಿಯುವ ಮರಾಠಿ ಹುಡುಗಿ. ಇದೊಂದು ಆಟ, ಒಬ್ಬೊಬ್ಬರು ಒಂದೊಂದು ಪಾತ್ರ ಕಟ್ಟಿಕೊಳ್ಳಬೇಕು ಎಂದು ಅವನು ತಿಳಿಸಿ ಹೇಳಿದ. ತನ್ನ ಪಾತ್ರ ಡ್ರುಯಿಡ್, ಎಂದರೆ ಕಾಡಿನ ಪೂಜಾರಿ. ಗಿಡಮರಗಳೇ ಅವನಿಗೆ ದೇವರು. ಆದರೆ ದುಷ್ಟ.

ಊರ ದೊಡ್ಡಾಟದಲ್ಲಿ ರಾಕ್ಷಸನ ಸೋಗು ಹಾಕಿದವನು ಮುಖ ತೊಳೆದು, ದೇವರಿಗೆ ಕಾಯಿ ಒಡೆದೇ ಮನೆ ಸೇರುತ್ತಿದ್ದ. ಇಲ್ಲವಾದರೆ ಸೋಗು ಮೈಯಲ್ಲೇ ಉಳಿಯುತ್ತದೆ. ಈ ಹುಡುಗರಿಗೆ ಅದರ ಪರಿವೆಯೇ ಇಲ್ಲ. ಕಾಶವ್ವ ಚಪಾತಿ ಅಲ್ಲೇ ಬಿಟ್ಟು ಬಾಗಿಲಿಗೆ ಬಂದಳು.

“ಅಂವ ಯಾರನ್ನ ಕೊಲ್ತಾನ?”

“ಗಿಡ ಕಡಿಯೂ ಮಂದೀನ್ನ.”

“ಹಂಗಾರ ಅಂವ ಕೆಟ್ಟಾಂವ ಹೆಂಗಾದ?”

ಸುಲಭಾ ತಲೆಯೆತ್ತಿ ನೋಡಿದಳು. ನಿಜವಾದ ದುಷ್ಟನಿಗೆ ತಾನು ದುಷ್ಟನೆಂದು ಅನಿಸುವುದೇ ಇಲ್ಲ, ಮಾಡುವುದನ್ನೆಲ್ಲ ಪೂಜೆಯೆಂದೇ ಮಾಡುತ್ತಾನೆ ಎಂದು ಮರಾಠಿಯಲ್ಲಿ ಮೆಲ್ಲಗೆ ಅಂದಳು.

ಅಪ್ಪಾಸಾಹೇಬ ಶ್ರಾವಣದಿಂದ ಹಾಸಿಗೆ ಹಿಡಿದಿದ್ದ. ವಾಂತಿ, ತಲೆಸುತ್ತು, ದಿನದಿನಕ್ಕೆ ಕುಂದುವ ನಾಡಿ. ಡಾಕ್ಟರರಿಗೆ ರೋಗ ತಿಳಿಯಲಿಲ್ಲ; ಈ ವಾರ ದಾಟಿದರೆ ಪುಣ್ಯ ಎಂದಿದ್ದರು. ಕಾಶವ್ವ ಒಂದು ಹೊತ್ತೂ ತಪ್ಪಿಸದೆ ಕಷಾಯ ಕುಡಿಸುತ್ತಿದ್ದಳು. ಅವಳ ಸೇವೆ ಕಂಡು ಹೌಸಿಂಗ್ ಸೊಸೈಟಿಯ ಹೆಂಗಸರು ಕೈ ಮುಗಿಯುತ್ತಿದ್ದರು. ಗಟ್ಟಿಯಿದ್ದಾಗ ಅವಳ ಬೆನ್ನ ಮೇಲೆ ಆತನ ಕೈ ಬಲು ಭಾರ. ಈಗ ಮನೆ ತಣ್ಣಗಿತ್ತು.

ಆದರೆ ನಿನ್ನೆ ಈ ಶಿವರಾಜ ಕಷಾಯದ ಪಾತ್ರೆ ಮೂಸುತ್ತ ನಿಂತಿದ್ದ. ಅವಳು ಕಂಡಿದ್ದಳು. ಇವತ್ತು ವಿಷ ಕೇಳುತ್ತಿದ್ದಾನೆ. ಇನ್ನು ಮೇಲೆ ಕಷಾಯ ಬೇರೆಯವರ ಕೈಗೆ ಸಿಗಬಾರದೆಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡಳು.

ಆಟವೆಂದ ಮೇಲೆ ಸುಮ್ಮನಿರುವುದೂ ಚಂದವಲ್ಲ. ಕಾಶವ್ವ ಬಾಗಿಲಿಗೆ ಒರಗಿ ಕುಳಿತಳು. ತವರಿನಲ್ಲಿ ಅವಳ ಅವ್ವ ಗಾಂವಠಿ, ಎಂದರೆ ನಾಟಿ ಔಷಧ ಕೊಡುತ್ತಿದ್ದವಳು. ಬಳ್ಳಿ ಬೇರುಗಳೆಲ್ಲ ಇವಳಿಗೆ ಬಾಯಿಪಾಠ. ದತ್ತೂರಿ ಬೀಜ, ಗುಲಗಂಜಿ, ಎಕ್ಕಿಯ ಹಾಲು, ಒಂದೊಂದಕ್ಕೂ ಒಂದು ಕಥೆ. ದತ್ತೂರಿ ತಿಂದ ಗೌಡ ಧೋತರ ಬಿಚ್ಚಿ ಚಾವಡಿಯ ತುಂಬ ಕುಣಿದದ್ದನ್ನು ಹೇಳಿದಾಗ ಅವಳೇ ನಕ್ಕಳು. ಆ ಇಬ್ಬರು ನಗಲಿಲ್ಲ.

“ಇನ್ನ ಯಾವುದಾರ ಉಳದದ ಏನ್ರಿ ಅತ್ತಿ?”

“ಇಲ್ಲಪಾ. ಇಷ್ಟ.”

“ನೆನಪ ಮಾಡಕೋರಿ.”

“ಇಷ್ಟ ಅಂದ್ನೆಲ್ಲ.”

ಸುಲಭಾ ದಾಳಗಳನ್ನು ಚೀಲಕ್ಕೆ ತುಂಬಿದಳು. ಅಷ್ಟು ಹೊತ್ತಾದರೂ ಅವು ಒಮ್ಮೆಯೂ ಉರುಳಿರಲಿಲ್ಲ. ಕಾಶವ್ವ ಕಷಾಯ ಸೋಸಿಕೊಂಡು ಒಳಕೋಣೆಯತ್ತ ನಡೆದರೆ, ಶಿವರಾಜ ಬಾಗಿಲಿಗೆ ಅಡ್ಡ ನಿಂತಿದ್ದ.

“ಎಲ್ಲಾ ವಿಷದ ಗಿಡಾ ಹೇಳಿದ್ರಿ ಅತ್ತಿ,” ಎಂದ, ದನಿ ಏರಿಸದೆ. “ನೀವು ದಿನಾ ಶಿವಗ ಏರಸೂ ಕಣಗಲ ಹೂವ ಒಂದ ಬಿಟ್ರಿ. ನಿನ್ನಿ ಮಾಮಾನ ಕಷಾಯದ ಚರಟದಾಗ ಸುಲಭಾ ಗುರುತಿಸಿದ್ದು ಅದನ್ನ.”