ಪಾರವ್ವನ ರಿಯಾಜು

ಆ ಕಾಲಕ್ಕೆ ಧಾರವಾಡದ ಮನೆಮನೆಗಳಲ್ಲಿ ಹೆಸರು ಮಾಡುವವರು ಯಾರು, ಅವರಿಗಾಗಿ ಸವೆಯುವವರು ಯಾರು ಎಂದು ತೊಟ್ಟಿಲಲ್ಲಿರುವಾಗಲೇ ಗೊತ್ತುಮಾಡುತ್ತಿದ್ದರು. ಪಾರವ್ವ ಸವೆಯುವವಳು. ಹಗಲೆಲ್ಲ ಅವಳು ಸಿತಾರು ನುಡಿಸಿ ಕಲಿತದ್ದು, ದೀಪ ಹಚ್ಚುವ ಹೊತ್ತಿಗೆ ಕಛೇರಿಗೆಂದು ಊರೂರು ತಿರುಗುವ ಅವಳ ತಮ್ಮ ಮಡಿವಾಳನ ಕೈ ಸೇರುತ್ತಿತ್ತು. ಕಲಿತದ್ದು ಮರೆತು ಅವಳ ಬೆರಳು ಮರಗಟ್ಟುತ್ತಿದ್ದವು. ವಿದ್ಯೆ ಪಡೆಯುವವನ ಉಸಿರು ಇರುವತನಕ ಅದು ಹಾಗೆಯೇ.

ಅಂದು ಸಂಜೆ ರೇಡಿಯೋದಲ್ಲಿ, ಹಿಂದಿನ ದಿನ ರೆಕಾರ್ಡು ಮಾಡಿದ ಮಡಿವಾಳನ ಮಾತುಕತೆ ಬರುತ್ತಿತ್ತು. ನಿಮ್ಮ ಯಶಸ್ಸಿನ ಗುಟ್ಟೇನು ಎಂದು ಯಾರೋ ಕೇಳಿದರು.

“ದಿನಾ ರಿಯಾಜು,” ಎಂದ.

“ಕೇಳಿದೇನಬೇ ಯವ್ವಾ? ಬೆನ್ನು ನೋಯೂದು ನಂದು, ರಿಯಾಜು ಅವಂದಂತ!” ಪಾರವ್ವ ನಕ್ಕಳು.

“ಹೊಟ್ಟಿಕಿಚ್ಚು ಪಡಬ್ಯಾಡ,” ಎನ್ನುತ್ತ ಅವ್ವ ರೇಡಿಯೋ ಆರಿಸಿ ದೀಪ ಹಚ್ಚಿದಳು. “ಹೊತ್ತಾತು, ಸಾಕ ಮಾಡಿನ್ನ.”

ಪಾರವ್ವ ಎಂದಿನಂತೆ ಬೆರಳು ಮರಗಟ್ಟಲೆಂದು ಕಾದಳು. ಮರಗಟ್ಟಲಿಲ್ಲ. ತಂತಿ ಮೀಟಿದಳು, ಬೆಳಗಿನ ರಾಗ ಹಾಗೇ ಕೈಯಲ್ಲಿತ್ತು. ಅದರ ಬೆನ್ನಿಗೆ ನಿನ್ನೆಯದು, ಮೊನ್ನೆಯದು, ಚಿಕ್ಕಂದಿನಿಂದ ಹೋದದ್ದೆಲ್ಲ ತಿರುಗಿ ಬರತೊಡಗಿತು.

“ಅಯ್ಯ ನನ್ನ ಮಗಳ, ಎಷ್ಟ ಚಂದ ನುಡಸ್ತೀ...” ಎಂದ ಅವ್ವನ ಮಾತು ಅರ್ಧಕ್ಕೇ ನಿಂತಿತು. ಕಡ್ಡಿಪೆಟ್ಟಿಗೆ ಕೈಯಿಂದ ಜಾರಿತು. “ಪಾರೂ, ನಿಲ್ಲಸ. ನಿನ್ನ ಕಾಲ ಬೀಳ್ತೇನಿ, ಮರತೇನಿ ಅಂತ ಅನ್ನ.”

ಪಾರವ್ವನ ಕಣ್ಣೀರು ಸಿತಾರಿನ ಮೇಲೆ ಬೀಳುತ್ತಿತ್ತು. ಒಳಗೆ ಫೋನು ಬಡಿದುಕೊಳ್ಳತೊಡಗಿತು. ಇಬ್ಬರೂ ಏಳಲಿಲ್ಲ. ದೀಪ ಹಚ್ಚಿದ ಮೇಲೂ ಮುಂದಿನ ಸ್ವರ ಅವಳಿಗೆ ಗೊತ್ತಿದ್ದದ್ದು ಅದೇ ಮೊದಲು. ತಡೆದರೂ ಬೆರಳು ಆ ಸ್ವರದತ್ತಲೇ ಹೊರಟವು.